ಕಂಡಕ್ಟರನ ಚೀಲಕ್ಕೆ ಯಾರೂ ಕೈ ಹಾಕುವಂತಿಲ್ಲ

"ಅಪ್ಪಾ, ನನಗ ಕ್ಲಾಸ್ ಅನ್ನೂದು ತಿಳೀವಲ್ದು" ಎಂದು ಮಗಳು ಹೇಳಿದಾಗ ತಂದೆ ಗಾಬರಿಯಾಗಲಿಲ್ಲ. "ಆ ಕ್ಲಾಸ್ ತಿಳೀಲಿಲ್ಲಂದ್ರ ಬ್ಯಾರೆ ಕ್ಲಾಸಿಗೆ ಹಚ್ಚೂಣು ಬಿಡವಾ. ಫೀ ಎಷ್ಟಂತ ಕೇಳ್ಕೊಂಡು ಬಾ" ಎಂದು ಖಾಕಿ ಅಂಗಿ ತೊಟ್ಟು ಡ್ಯೂಟಿಗೆ ಹೊರಟರು. ಮಗಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಕೆ ಹೇಳಿದ್ದು ಪಾಠ ನಡೆಯುವ ಕ್ಲಾಸಿನ ಮಾತಲ್ಲ. ಜಾವಾ ಪುಸ್ತಕದ ಮೊದಲ ಪುಟದಲ್ಲೇ ದಾರಿಗೆ ಅಡ್ಡ ಕುಳಿತಿರುವ ‘ಕ್ಲಾಸ್’ ಎಂಬ ಪದದ ಮಾತು.

ಬೆಳಗಾವಿಯ ಸದಾಶಿವನಗರದ ಈ ಮನೆಯನ್ನು ಒಂದು ಮಾದರಿ ಎಂದು ತಿಳಿಯಿರಿ. ತಂದೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಕಂಡಕ್ಟರು. ಬೆಳಗಾವಿ–ಖಾನಾಪುರ ದಾರಿ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಇಂಜಿನಿಯರಿಂಗ್ ಎರಡನೆಯ ವರ್ಷ, ಕಂಪ್ಯೂಟರ್ ಸೈನ್ಸ್. ಮೊದಲ ಕಿರುಪರೀಕ್ಷೆಯಲ್ಲಿ ಐವತ್ತಕ್ಕೆ ಹನ್ನೊಂದು ಅಂಕ. "ನನಗಿದು ಆಗೂದಿಲ್ಲ, ಕಾಲೇಜ್ ಬಿಡ್ತೀನಿ" ಎಂಬ ಮಾತು ತಾಯಿಯ ಎದುರಿಗೆ ಆಗಲೇ ಬಂದಾಗಿದೆ. ಇಂಥ ಮನೆಗಳು ಬೆಳಗಾವಿಯಲ್ಲೂ ಖಾನಾಪುರದಲ್ಲೂ ಬೇಕಾದಷ್ಟಿವೆ.

ಖಾನಾಪುರದ ಬಸ್ಸು ಉದ್ಯಮಬಾಗ, ಪೀರನವಾಡಿ ದಾಟಿದ ಮೇಲೆ ಮಚ್ಛೆಯಲ್ಲಿ ‘ಜ್ಞಾನ ಸಂಗಮ’ದ ಮುಂದೆ ಹಾದುಹೋಗುತ್ತದೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಅದು. ಅಲ್ಲಿ ತಯಾರಾದ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷ ಸಿ ಭಾಷೆ, ಮೂರನೆಯ ಸೆಮಿಸ್ಟರಿನಲ್ಲಿ ಜಾವಾ ಮೂಲಕ ‘ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್’. ಈ ಹೆಸರನ್ನು ಕನ್ನಡಕ್ಕೆ ತರಲು ಹೋದವರು ‘ವಸ್ತುನಿಷ್ಠ’ ಎಂದದ್ದುಂಟು. ಆದರೆ ನಮ್ಮಲ್ಲಿ ವಸ್ತುನಿಷ್ಠ ಎಂದರೆ ಪಕ್ಷಪಾತವಿಲ್ಲದ ಎಂದರ್ಥ. ಪ್ರೋಗ್ರಾಮು ಪಕ್ಷಪಾತ ಮಾಡುವುದಿಲ್ಲ ಎಂದು ಹುಡುಗರು ಬರೆದು ಬಂದಾರು! ಆಬ್ಜೆಕ್ಟ್ ಎಂಬ ಪದವನ್ನೇ ಇಟ್ಟುಕೊಂಡರೆ ಕ್ಷೇಮ.

ಸಿ ಭಾಷೆಯಲ್ಲಿ ಪಾಸಾದ ಮಕ್ಕಳು ಇಲ್ಲಿ ಮುಗ್ಗರಿಸುವುದೇಕೆ? ಸಿ ಕಲಿಯುವಾಗ ಮನಸ್ಸು ಅಡಿಗೆ ಮಾಡುವವರ ಮನಸ್ಸಿನಂತೆ ಓಡುತ್ತದೆ. ಮೊದಲು ಒಗ್ಗರಣೆ, ಆಮೇಲೆ ಬೇಳೆ, ಕೊನೆಗೆ ಉಪ್ಪು. ‘ಮುಂದೇನು ಮಾಡಬೇಕು?’ ಎಂಬುದೊಂದೇ ಪ್ರಶ್ನೆ. ಆಬ್ಜೆಕ್ಟುಗಳ ಪಾಠದಲ್ಲಿ ಪ್ರಶ್ನೆಯೇ ಬದಲಾಗುತ್ತದೆ: ‘ಇದನ್ನು ಯಾರು ಮಾಡಬೇಕು?’ ಮದುವೆ ಮನೆಯ ಯಜಮಾನ ತಾನೇ ಒಲೆಯ ಮುಂದೆ ಕೂಡುವುದಿಲ್ಲ. ಅಡಿಗೆಯವರು, ಬಡಿಸುವವರು, ಪೆಂಡಾಲಿನವರು ಎಂದು ಕೆಲಸ ಹಂಚುತ್ತಾನೆ. ಅವರವರ ಲೆಕ್ಕ ಅವರವರ ಹತ್ತಿರ. ಒಂದು ವರ್ಷ ಒಲೆಯ ಮುಂದೆ ಕುಳಿತವರನ್ನು ಒಮ್ಮೆಲೇ ಯಜಮಾನರನ್ನಾಗಿ ಮಾಡಿದರೆ ಕೈಕಾಲು ಆಡದಿರುವುದು ಸಹಜ. ಅದರ ಮೇಲೆ ಜಾವಾದ ಸಂಪ್ರದಾಯ ಬೇರೆ. ಪರದೆಯ ಮೇಲೆ ‘ನಮಸ್ಕಾರ’ ಎಂದು ಮೂಡಿಸುವ ಮೊಟ್ಟಮೊದಲ ಪ್ರೋಗ್ರಾಮಿಗೂ ಪಬ್ಲಿಕ್, ಕ್ಲಾಸ್, ಸ್ಟ್ಯಾಟಿಕ್, ವಾಯ್ಡ್ ಎಂಬ ಮಂತ್ರ ಹೇಳಿಸುವುದು ರೂಢಿ. ಅರ್ಥ ಕೇಳಿದರೆ, "ಸದ್ಯಕ್ಕೆ ಹಾಗೇ ಬರೀರಿ, ಮುಂದೆ ತಿಳೀತದ" ಎಂಬ ಉತ್ತರ. ಹಾಗೇ ಬರೆಯುವ ಅಭ್ಯಾಸ ಬಿದ್ದವರಿಗೆ ಆ ‘ಮುಂದೆ’ ಬರುವುದೇ ಇಲ್ಲ.

ಈ ವಿಚಾರ ಹುಟ್ಟಿದ ಬಗೆಯನ್ನು ತಿಳಿದರೆ ಅರ್ಧ ಭಯ ಹೋಗುತ್ತದೆ. ನಾರ್ವೆ ದೇಶದ ಓಸ್ಲೋ ನಗರದಲ್ಲಿ 1960ರ ದಶಕದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ಎಂಬಿಬ್ಬರು ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಹೊರಗಿನ ಲೋಕದಲ್ಲಿ ನಡೆಯುವ ಸಾಲು, ಸರತಿ, ಕಾಯುವಿಕೆಗಳನ್ನು ಗಣಕದೊಳಗೆ ಅಣಕು ಮಾಡಿ ನೋಡುವುದು ಅವರ ಕೆಲಸ. ಅವರ ಮುಂದಿದ್ದ ಒಂದು ಉದಾಹರಣೆ ಸೇತುವೆಯೊಂದರ ಸುಂಕದ ಕಟ್ಟೆ. ಲಾರಿ, ಬಸ್ಸು, ಕಾರು ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿವೆ. ಸಾಲಿನಲ್ಲಿ ನಿಲ್ಲುವ ಮಟ್ಟಿಗೆ ಎಲ್ಲವೂ ಒಂದೇ; ಆದರೆ ಲಾರಿಗೆ ಹೇರು, ಬಸ್ಸಿಗೆ ಪ್ರಯಾಣಿಕರು. ಪ್ರತಿಯೊಂದಕ್ಕೂ ಎಲ್ಲವನ್ನೂ ಮೊದಲಿನಿಂದ ಬರೆಯಬೇಕೆ? ಬೇಡ. ‘ವಾಹನ’ ಎಂದು ಒಂದನ್ನು ಬರೆದು, ಅದರ ಮೇಲೆ ಲಾರಿಗೆ ಬೇಕಾದಷ್ಟು, ಬಸ್ಸಿಗೆ ಬೇಕಾದಷ್ಟು ಕೂಡಿಸಿದರೆ ಸಾಕು. ಇಂದಿನ ಪುಸ್ತಕಗಳಲ್ಲಿ ‘ಇನ್ಹೆರಿಟೆನ್ಸ್’ ಎಂಬ ದೊಡ್ಡ ಹೆಸರಿನಿಂದ ಹೆದರಿಸುವುದು ಇದೇ. ಆ ಭಾಷೆ ‘ಸಿಮ್ಯುಲಾ 67’. ಧಾರವಾಡಕ್ಕೆ ಹೋಗುವಾಗ ಹಿರೇಬಾಗೇವಾಡಿಯ ಟೋಲ್ ನಾಕಾದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಹೊರಗೆ ನೋಡಿ. ಆ ಸರತಿಯೇ ನಿಮ್ಮ ಎದುರಿಗಿರುತ್ತದೆ. ಇಬ್ಬರಿಗೂ 2001ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಬಂತು. 2002ರಲ್ಲಿ, ಒಂದೂವರೆ ತಿಂಗಳಿನ ಅಂತರದಲ್ಲಿ, ಇಬ್ಬರೂ ತೀರಿಕೊಂಡರು.

ಮುಂದಿನ ಕಥೆ ಚಿಕ್ಕದು. ಅಮೆರಿಕದ ಝೆರಾಕ್ಸ್ ಸಂಶೋಧನಾಲಯದಲ್ಲಿ ಅಲನ್ ಕೇ ಮತ್ತು ಸಂಗಡಿಗರು 1970ರ ದಶಕದಲ್ಲಿ ಸ್ಮಾಲ್‌ಟಾಕ್ ಕಟ್ಟಿದರು. ಕೇಂಬ್ರಿಜ್‌ನಲ್ಲಿ ಓದುವಾಗ ಸಿಮ್ಯುಲಾದ ರುಚಿ ಕಂಡಿದ್ದ ಬ್ಯಾರ್ನ್ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಸಿ ಭಾಷೆಗೆ ಕ್ಲಾಸುಗಳನ್ನು ಹೊಲಿಯತೊಡಗಿದರು. 1983ರಲ್ಲಿ ಅದಕ್ಕೆ ಸಿ ಪ್ಲಸ್ ಪ್ಲಸ್ ಎಂಬ ಹೆಸರಾಯಿತು. 1995ರಲ್ಲಿ ಸನ್ ಕಂಪನಿಯ ಜಾವಾ ಹೊರಬಂತು. ನಮ್ಮ ಕಾಲೇಜುಗಳಲ್ಲಿ ಬಾಲಗುರುಸ್ವಾಮಿಯವರ ಪುಸ್ತಕ ಹಿಡಿದು ಓದಿದ ಒಂದು ತಲೆಮಾರೇ ಇದೆ.

ಈಗ ಕಂಡಕ್ಟರ ಚೀಲಕ್ಕೆ ಬನ್ನಿ.

ಬಸ್ಸಿನಲ್ಲಿ ಅರವತ್ತು ಜನರಿದ್ದಾರೆ. ಎಲ್ಲರಿಗೂ ಟಿಕೆಟ್ ಬೇಕು, ಕೆಲವರಿಗೆ ಚಿಲ್ಲರೆ ಬೇಕು. ಹಾಗೆಂದು ಯಾರಾದರೂ ಕಂಡಕ್ಟರ ಚೀಲಕ್ಕೆ ತಾವೇ ಕೈ ಹಾಕಿ ಚಿಲ್ಲರೆ ತೆಗೆದುಕೊಳ್ಳುತ್ತಾರೆಯೆ? ಇಲ್ಲ. "ಪೀರನವಾಡಿ ಒಂದ್ ಕೊಡ್ರಿ" ಎಂದು ಕೇಳುತ್ತಾರೆ. ಹಣ ಒಳಗೆ ಹೋಗುತ್ತದೆ, ಟಿಕೆಟ್ ಹೊರಗೆ ಬರುತ್ತದೆ, ಯಂತ್ರದಲ್ಲಿ ಲೆಕ್ಕ ಏರುತ್ತದೆ. ಮೂರೂ ಒಂದೇ ಕೈಯಲ್ಲಿ ನಡೆಯುವುದರಿಂದ ಸಂಜೆ ಡಿಪೋದಲ್ಲಿ ವೇಬಿಲ್ಲಿಗೂ ಚೀಲಕ್ಕೂ ತಾಳೆಯಾಗುತ್ತದೆ. ಚೀಲದಲ್ಲಿರುವ ಹಣ ‘ಪ್ರೈವೇಟ್’. ‘ಟಿಕೆಟ್ ಕೊಡು’ ಎಂಬ ಕೋರಿಕೆ ‘ಪಬ್ಲಿಕ್’. ಮಾಹಿತಿಯನ್ನೂ ಅದರ ಮೇಲೆ ನಡೆಯಬಹುದಾದ ಕೆಲಸಗಳನ್ನೂ ಒಟ್ಟಿಗೆ ಕಟ್ಟಿಟ್ಟ ಇಂಥ ಒಂದು ಗಂಟೇ ಆಬ್ಜೆಕ್ಟ್. ಕಂಡಕ್ಟರ ಹುದ್ದೆಗೆ ಏನೇನು ಇರಬೇಕು, ಏನೇನು ಮಾಡಬರಬೇಕು ಎಂದು ಬರೆದಿಟ್ಟ ವಿವರಣೆ ಕ್ಲಾಸ್. ಆ ವಿವರಣೆ ಟಿಕೆಟ್ ಹರಿಯುವುದಿಲ್ಲ. ಅದರಂತೆ ನೇಮಕವಾಗಿ ಬಸ್ಸು ಹತ್ತಿದ ಕಂಡಕ್ಟರು ಹರಿಯುತ್ತಾರೆ. ವಿವರಣೆ ಒಂದೇ, ಕಂಡಕ್ಟರು ಸಾವಿರ, ಚೀಲವೂ ಸಾವಿರ. ಒಬ್ಬರ ಚೀಲದ ಲೆಕ್ಕ ಇನ್ನೊಬ್ಬರದಕ್ಕೆ ಬೆರೆಯುವುದಿಲ್ಲ.

‘ಪ್ರೈವೇಟ್ ಏಕೆ ಬೇಕು?’ ಎಂಬುದು ಮೌಖಿಕ ಪರೀಕ್ಷೆಯ ಹಳೆಯ ಪ್ರಶ್ನೆ. ‘ಭದ್ರತೆಗಾಗಿ’ ಎಂಬುದು ಅಷ್ಟೇ ಹಳೆಯ ಉತ್ತರ. ಯಾರಿಂದ ಭದ್ರತೆ ಎಂದು ಕೇಳಿದರೆ ಅನೇಕರು ಹ್ಯಾಕರುಗಳ ಹೆಸರು ಹೇಳುತ್ತಾರೆ. ಅದು ತಪ್ಪು. ಕಳ್ಳನನ್ನು ಹಿಡಿಯುವ ಕೆಲಸ ಪ್ರೈವೇಟ್ ಎಂಬ ಪದದ್ದಲ್ಲ. ಜೊತೆಗೆ ಕೆಲಸ ಮಾಡುವ ಇನ್ನೊಬ್ಬ ಪ್ರೋಗ್ರಾಮರನೋ, ಆರು ತಿಂಗಳ ನಂತರ ಎಲ್ಲ ಮರೆತು ಬಂದ ನೀವೇ ಆಗಿಯೋ, ಲೆಕ್ಕ ಬರೆಯದೆ ಹಣ ಮುಟ್ಟದಂತೆ ತಡೆಯುವುದು ಅದರ ಕೆಲಸ. ತಪ್ಪು ಸಿಕ್ಕಾಗ ಹುಡುಕುವ ಜಾಗವೂ ಚಿಕ್ಕದಾಗುತ್ತದೆ. ಚೀಲದಲ್ಲಿ ಹಣ ಕಡಿಮೆ ಬಿದ್ದರೆ ಅರವತ್ತು ಪ್ರಯಾಣಿಕರನ್ನು ಕೇಳಬೇಕಿಲ್ಲ, ಒಬ್ಬರನ್ನು ಕೇಳಿದರೆ ಮುಗಿಯಿತು.

ಮಕ್ಕಳು ಬೀಳುವ ಎರಡನೆಯ ಹೊಂಡ ಪಠ್ಯದಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ಒಂದು ಆಬ್ಜೆಕ್ಟಿಗೆ ‘ಅ’ ಎಂದು ಹೆಸರಿಟ್ಟು, ಆಮೇಲೆ ‘ಬ’ಕ್ಕೂ ‘ಅ’ಕ್ಕೂ ಸಮ ಎಂದು ಬರೆಯುತ್ತಾರೆ. ಈಗ ಎರಡು ಆಬ್ಜೆಕ್ಟು ಆದವು ಎಂದು ತಿಳಿಯುತ್ತಾರೆ. ಬ ಬದಲಿಸಿದರೆ ಅ ಕೂಡ ಬದಲಾಗಿರುವುದನ್ನು ಕಂಡು ಯಂತ್ರ ಕೆಟ್ಟಿದೆ ಎನ್ನುತ್ತಾರೆ! ಜಾವಾದಲ್ಲಿ ಹೆಸರು ಹಿಡಿದಿರುವುದು ಆಬ್ಜೆಕ್ಟನ್ನಲ್ಲ, ಅದರ ವಿಳಾಸವನ್ನು. ಸದಾಶಿವನಗರದ ಮನೆಯ ವಿಳಾಸವನ್ನು ಚೀಟಿಯಲ್ಲಿ ಬರೆದು ಇಬ್ಬರು ನೆಂಟರಿಗೆ ಕೊಟ್ಟರೆ ಮನೆ ಎರಡಾಗುವುದಿಲ್ಲ. ಒಬ್ಬ ನೆಂಟ ಬಂದು ಬಾಗಿಲಿಗೆ ಹಸಿರು ಬಣ್ಣ ಬಳಿದರೆ ಎರಡನೆಯವನಿಗೆ ಕಾಣುವುದೂ ಹಸಿರು ಬಾಗಿಲೇ. ಸಿ ಭಾಷೆಯಲ್ಲಿ ಪಾಯಿಂಟರ್ ಪಾಠವನ್ನು ಬಾಯಿಪಾಠ ಮಾಡಿ ದಾಟಿದವರಿಗೆ ಇಲ್ಲಿ ಸಾಲ ತೀರಿಸುವ ಸರದಿ.

ಮೂರನೆಯದು, ಎಲ್ಲಕ್ಕಿಂತ ಕಠಿಣವಾದದ್ದು, ಯಾವುದನ್ನು ಕ್ಲಾಸ್ ಮಾಡಬೇಕು ಎಂಬ ವಿವೇಚನೆ. ಪುಸ್ತಕಗಳು ಇಲ್ಲಿ ಪ್ರಾಣಿ, ನಾಯಿ, ಬೆಕ್ಕು ಎಂದು ಸುಲಭದ ಉದಾಹರಣೆ ಕೊಟ್ಟು ಕೈತೊಳೆದುಕೊಳ್ಳುತ್ತವೆ. ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂ ಎನ್ನುತ್ತದೆ. ಇದರಿಂದ ಯಾರ ಯಾವ ಕೆಲಸ ಹಗುರಾಯಿತು? ಬಸ್ಸಿನ ಟಿಕೆಟ್ ದರ ಇದಕ್ಕಿಂತ ಎಷ್ಟೋ ಒಳ್ಳೆಯ ಗುರು.

ವಿದ್ಯಾರ್ಥಿಯೊಬ್ಬಳು ಅಭ್ಯಾಸಕ್ಕೆಂದು ಟಿಕೆಟ್ ಕೊಡುವ ಪ್ರೋಗ್ರಾಮು ಬರೆಯುತ್ತಾಳೆ ಎನ್ನಿ. ಸಿ ಭಾಷೆಯ ರೂಢಿಯಂತೆ ‘ದೊಡ್ಡವರಾದರೆ ಪೂರ್ತಿ, ಮಕ್ಕಳಾದರೆ ಅರ್ಧ, ಪಾಸಿದ್ದರೆ ಸೊನ್ನೆ’ ಎಂದು ‘ಆದರೆ’ಗಳ ಸರಮಾಲೆ. ದರ ಹೇಳುವಲ್ಲಿ ಒಂದು ಮಾಲೆ, ಟಿಕೆಟ್ ಮುದ್ರಿಸುವಲ್ಲಿ ಇನ್ನೊಂದು, ಸಂಜೆಯ ಒಟ್ಟು ಲೆಕ್ಕದಲ್ಲಿ ಮತ್ತೊಂದು. 2023ರ ಜೂನ್ 11 ಬರುತ್ತದೆ. ಕರ್ನಾಟಕದಲ್ಲಿ ‘ಶಕ್ತಿ’ ಯೋಜನೆ ಜಾರಿಯಾಗುತ್ತದೆ; ರಾಜ್ಯದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟ್. ಈಗ ಆಕೆ ಮೂರೂ ಮಾಲೆಗಳನ್ನು ಬಿಚ್ಚಿ ಹೊಸ ಮಣಿ ಪೋಣಿಸಬೇಕು. ಒಂದನ್ನು ಮರೆತರೆ ಟಿಕೆಟ್ ಮೇಲೆ ಸೊನ್ನೆ, ಒಟ್ಟು ಲೆಕ್ಕದಲ್ಲಿ ಪೂರ್ತಿ ಹಣ. ಕಂಡಕ್ಟರ ಜೇಬಿಗೆ ಕತ್ತರಿ.

ಇದನ್ನೇ ಆಬ್ಜೆಕ್ಟುಗಳಿಂದ ಬರೆದರೆ? ಪ್ರತಿ ಬಗೆಯೂ ತನ್ನ ದರ ತಾನೇ ಹೇಳುತ್ತದೆ. ಕಂಡಕ್ಟರು ಎಲ್ಲರನ್ನೂ ಕೇಳುವುದು ಒಂದೇ ಪ್ರಶ್ನೆ, ‘ನಿನ್ನ ದರ ಎಷ್ಟು?’ ಒಬ್ಬೊಬ್ಬರ ಉತ್ತರ ಒಂದೊಂದು ತರಹ. ‘ಪಾಲಿಮಾರ್ಫಿಸಂ’ ಎಂಬ ಬಾಯಿ ತಿರುಗದ ಪದದ ಒಳಗಿರುವುದು ಇಷ್ಟೆ. ಹೊಸ ಯೋಜನೆ ಬಂದಾಗ ಹೊಸ ಕ್ಲಾಸ್ ಒಂದನ್ನು ಬರೆದು ಸೇರಿಸಿದರೆ ಹಳೆಯ ಮೂರು ಜಾಗಗಳನ್ನು ಮುಟ್ಟಬೇಕಿಲ್ಲ.

ಇಷ್ಟು ತಿಳಿದ ಹುಮ್ಮಸ್ಸಿನಲ್ಲಿ ಮಗಳು ‘ಪ್ರಯಾಣಿಕ’ ಎಂಬ ಕ್ಲಾಸ್ ಮಾಡಿದಳು. ಅದರ ಕೆಳಗೆ ‘ಗಂಡಸು’, ‘ಹೆಂಗಸು’, ‘ಮಗು’ ಎಂಬ ಮೂರು ಮರಿ ಕ್ಲಾಸುಗಳು. ‘ಹೆಂಗಸಿನ ದರ ಸೊನ್ನೆ’ ಎಂದು ಬರೆದಳು. ರಾತ್ರಿ ಊಟಕ್ಕೆ ಕುಳಿತ ತಂದೆಗೆ ಹೆಮ್ಮೆಯಿಂದ ವಿವರಿಸಿದಳು. ಅವರು ತುತ್ತು ನಿಲ್ಲಿಸಿ ಕೇಳಿದರು:

"ಚಂದಗಡದ ಬಾಯಿ ಹತ್ತಿದ್ರ?"

ಮಹಾರಾಷ್ಟ್ರದ ಚಂದಗಡ ಬೆಳಗಾವಿಗೆ ದೂರವಲ್ಲ. ಅಲ್ಲಿಯ ಹೆಣ್ಣುಮಗಳು ಬೆಳಗಾವಿಯಲ್ಲಿ ಖಾನಾಪುರದ ಬಸ್ಸು ಹತ್ತಿದರೆ ಆಕೆಯೂ ಹೆಂಗಸೇ, ಆದರೆ ದರ ಪೂರ್ತಿ.

"ಮತ್ತ ಆ ಹುಡುಗ ಇವತ್ತ ಅರ್ಧ ಟಿಕೀಟ. ನಾಳೆ ಹನ್ನೆರಡು ದಾಟಿದ ಅಂದ್ರ ಏನ್ ಮಾಡ್ತಿ? ಹೊಸಾ ಹುಡುಗನ್ನ ಹಡೀತಿಯೇನು?"

ಪ್ರಶ್ನೆ ತಮಾಷೆಯದಾದರೂ ಜಾವಾದ ಮರ್ಮಕ್ಕೇ ತಾಗುವಂಥದು. ಒಮ್ಮೆ ಒಂದು ಕ್ಲಾಸಿನಿಂದ ಹುಟ್ಟಿದ ಆಬ್ಜೆಕ್ಟ್ ಆಮೇಲೆ ಬೇರೆ ಕ್ಲಾಸಿಗೆ ಹಾರಲಾರದು. ‘ಮಗು’ವಾಗಿ ಹುಟ್ಟಿದ ಆಬ್ಜೆಕ್ಟ್ ಕೊನೆಯವರೆಗೂ ಮಗುವೇ. ತಪ್ಪು ಎಲ್ಲಾಯಿತು? ರಿಯಾಯಿತಿ ಎಂಬುದು ಪ್ರಯಾಣಿಕರ ಜಾತಿಯಲ್ಲ, ಅವರ ಕೈಯಲ್ಲಿರುವ ಒಂದು ಚೀಟಿ. ಇದನ್ನು ಪರೀಕ್ಷಿಸಲು ಕನ್ನಡದ ಎರಡು ಮಾತು ಸಾಕು. ‘ಲಾರಿ ಒಂದು ವಾಹನ ಆಗಿದೆ’. ಸರಿ ಕೇಳುತ್ತದೆ, ಇಲ್ಲಿ ಇನ್ಹೆರಿಟೆನ್ಸ್ ಒಪ್ಪುತ್ತದೆ. ‘ಪ್ರಯಾಣಿಕ ಒಂದು ಪಾಸ್ ಆಗಿದ್ದಾನೆ’. ಕಿವಿಗೇ ಒಗ್ಗುವುದಿಲ್ಲ. ‘ಪ್ರಯಾಣಿಕನ ಹತ್ತಿರ ಪಾಸ್ ಇದೆ’. ಈಗ ಸರಿ. ಆದ್ದರಿಂದ ಪ್ರಯಾಣಿಕ ಎಂಬ ಕ್ಲಾಸ್ ಒಂದೇ ಇರಲಿ, ಅದರೊಳಗೆ ‘ರಿಯಾಯಿತಿ’ ಎಂಬ ಇನ್ನೊಂದು ಆಬ್ಜೆಕ್ಟ್ ಇರಲಿ. ಅರ್ಧ ದರ, ಪೂರ್ತಿ ದರ, ಪಾಸ್, ಶಕ್ತಿ ಎಂಬ ಬಗೆಗಳೆಲ್ಲ ರಿಯಾಯಿತಿಯ ಮರಿಗಳು. ಹುಡುಗನಿಗೆ ಹನ್ನೆರಡು ದಾಟಿದರೆ ಒಳಗಿನ ಚೀಟಿ ಬದಲಿಸಿದರಾಯಿತು. ಹುಡುಗ ಹಾಗೇ ಉಳಿಯುತ್ತಾನೆ. ಎರಿಕ್ ಗಾಮಾ ಮತ್ತು ಮೂವರು ಸಂಗಡಿಗರು 1994ರಲ್ಲಿ ಬರೆದ ‘ಡಿಸೈನ್ ಪ್ಯಾಟರ್ನ್ಸ್’ ಎಂಬ ಪ್ರಸಿದ್ಧ ಪುಸ್ತಕ ಇದೇ ಮಾತನ್ನು ಒತ್ತಿ ಹೇಳಿದೆ: ವಂಶ ಬೆಳೆಸುವುದಕ್ಕಿಂತ ಜೋಡಿಸುವುದು ಲೇಸು. ನಮ್ಮ ಪ್ರಶ್ನೆಪತ್ರಿಕೆಗಳು ಮಾತ್ರ ಇನ್ಹೆರಿಟೆನ್ಸಿನ ಬಗೆಗಳೆಷ್ಟು ಎಂದು ಕೇಳುವುದರಲ್ಲೇ ತೃಪ್ತವಾಗಿವೆ.

ಪಾಲಕರಿಗೆ ಒಂದು ಸಮಾಧಾನದ ಸಂಗತಿ ಇದೆ. ಈ ಪಾಠವನ್ನು ಯಾವಾಗ ಕಲಿಸಬೇಕು ಎಂಬುದರಲ್ಲಿ ದೊಡ್ಡವರಿಗೇ ಒಮ್ಮತವಿಲ್ಲ. ಅಮೆರಿಕದ ಎರಡು ದೊಡ್ಡ ಗಣಕ ಸಂಘಗಳು ಸೇರಿ ತಯಾರಿಸಿದ 2001ರ ಮಾದರಿ ಪಠ್ಯಕ್ರಮದಲ್ಲಿ ಆಬ್ಜೆಕ್ಟುಗಳಿಂದಲೇ ಆರಂಭಿಸುವ ದಾರಿಯೂ ಇತ್ತು, ಆದೇಶಗಳಿಂದ ಆರಂಭಿಸುವ ಹಳೆಯ ದಾರಿಯೂ ಇತ್ತು. ಹೆಸರಾಂತ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 2011ರಲ್ಲಿ ಈ ವಿಷಯವನ್ನು ಆರಂಭದ ಪಾಠಗಳಿಂದ ತೆಗೆದು ಮುಂದಿನ ವರ್ಷಗಳಿಗೆ ಸಾಗಿಸಿತು. ಅಂದಮೇಲೆ ಸದಾಶಿವನಗರದ ಹುಡುಗಿಗೆ ಒಂದು ತಿಂಗಳಲ್ಲಿ ತಿಳಿಯಲಿಲ್ಲ ಎಂದರೆ ಆಕೆಯನ್ನು ದಡ್ಡಿ ಎನ್ನುವುದು ನ್ಯಾಯವಲ್ಲ. ಸಿ ಮೊದಲು ಕಲಿಸುವ ನಮ್ಮ ಕ್ರಮವೂ ಕೆಟ್ಟದ್ದೇನಲ್ಲ. ಒಂದು ದಡದಿಂದ ಇನ್ನೊಂದಕ್ಕೆ ದಾಟಿಸಲು ನಾಲ್ಕು ವಾರ ಹೆಚ್ಚು ಬೇಕು, ಅದು ಸಿಗುವುದಿಲ್ಲ ಅಷ್ಟೆ.

ಟ್ಯೂಷನ್ನಿಗೆ ಹಣ ಕಟ್ಟುವ ಮುನ್ನ ಒಂದು ಮಾತು ಕೇಳಿ ನೋಡಿ: ಅಲ್ಲಿ ಮಕ್ಕಳು ತಾವೇ ಯೋಚಿಸಿ ಬರೆಯುತ್ತಾರೆಯೋ, ಪ್ರಯೋಗ ಪರೀಕ್ಷೆಗೆ ಬರುವ ಪ್ರೋಗ್ರಾಮುಗಳನ್ನು ಬಾಯಿಪಾಠ ಮಾಡುತ್ತಾರೆಯೋ? ಎರಡನೆಯದಾದರೆ ಹಣ ಉಳಿಸಿ. ಬಾಯಿಪಾಠದ ಹೊಸ ಅವತಾರವೂ ಬಂದಿದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಮೊಬೈಲಿಗೆ ಪ್ರಶ್ನೆ ಹಾಕಿದರೆ ಅರೆ ಕ್ಷಣದಲ್ಲಿ ಅಚ್ಚುಕಟ್ಟಾದ ಜಾವಾ ಪ್ರೋಗ್ರಾಮು ಸಿಗುತ್ತದೆ, ಬಹುಪಾಲು ಓಡುತ್ತದೆ ಕೂಡ. ಅದನ್ನು ಓದಿ, ಕೆಡಿಸಿ, ಮತ್ತೆ ಸರಿಪಡಿಸುವವರಿಗೆ ಅದು ಒಳ್ಳೆಯ ಸಂಗಾತಿ. ಇಳಿಸಿಕೊಂಡು ದಾಖಲೆ ಪುಸ್ತಕಕ್ಕೆ ಅಂಟಿಸುವವರಿಗೆ, ಪರೀಕ್ಷಕರು "ಚಂದಗಡದವರು ಬಂದರೆ?" ಎನ್ನುವಂಥ ಒಂದು ಪ್ರಶ್ನೆ ಕೇಳಿದಾಗ ನಾಲಿಗೆ ಒಣಗುತ್ತದೆ.

ಯಂತ್ರವಿಲ್ಲದೆಯೂ ಕಲಿಯಬಹುದಾದ ಒಂದು ದಾರಿ ಇದೆ. ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಇಬ್ಬರು 1989ರಲ್ಲಿ ಅದನ್ನು ಪ್ರಕಟಿಸಿದರು. ಒಂದೊಂದು ಕ್ಲಾಸಿಗೆ ಒಂದೊಂದು ಚಿಕ್ಕ ಕಾರ್ಡು. ಮೇಲೆ ಹೆಸರು, ಎಡಕ್ಕೆ ಅದರ ಜವಾಬ್ದಾರಿಗಳು, ಬಲಕ್ಕೆ ಅದು ಯಾರ ಸಹಾಯ ಕೇಳುತ್ತದೆ ಎಂಬುದು. ಕಾರ್ಡು ಬೇಕೆಂದೇ ಚಿಕ್ಕದು. ಜವಾಬ್ದಾರಿಗಳು ಹಿಡಿಸದಷ್ಟಾದರೆ ಕ್ಲಾಸು ದೊಡ್ಡದಾಯಿತು, ಒಡೆಯಬೇಕು ಎಂದರ್ಥ. ಕಾರ್ಡು ಹಿಡಿದ ನಾಲ್ಕು ಜನ ಕುಳಿತು ನಾಟಕದಂತೆ ಆಡುವುದು. ನೀನು ಪ್ರಯಾಣಿಕ, ನೀನು ಕಂಡಕ್ಟರ್, ನೀನು ವೇಬಿಲ್. ಯಾರಿಗೂ ಸೇರದ ಕೆಲಸ ಒಂದು ಬಂದಾಗ ಎಲ್ಲರೂ ಮುಖ ಮುಖ ನೋಡುತ್ತಾರೆ. ಅಲ್ಲೊಂದು ಕ್ಲಾಸ್ ಕಡಿಮೆ ಬಿದ್ದಿದೆ ಎಂದು ಆಗ ಗೊತ್ತಾಗುತ್ತದೆ.

ಸದಾಶಿವನಗರದ ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳ ಕಟ್ಟು ಕೆಳಗಿಳಿಯಿತು. ಹಿಂಬದಿ ಖಾಲಿ ಇದ್ದವನ್ನು ತಾಯಿ ಕತ್ತರಿಸಿ ಕೊಟ್ಟಳು. ರವಿವಾರ ಮಧ್ಯಾಹ್ನ ಮೂವರೂ ಚಾಪೆಯ ಮೇಲೆ ಕುಳಿತರು. ತಾಯಿಯ ಕೈಗೆ ‘ಪ್ರಯಾಣಿಕ’ ಮತ್ತು ‘ರಿಯಾಯಿತಿ’, ತಂದೆಯ ಕೈಗೆ ‘ಕಂಡಕ್ಟರ್’, ಮಗಳ ಕೈಗೆ ‘ಟಿಕೆಟ್’ ಮತ್ತು ‘ವೇಬಿಲ್’. ಬೆಳಗಾವಿಯಿಂದ ಮಚ್ಛೆಯವರೆಗೆ ಬಸ್ಸು ಯಾವ ತೊಂದರೆಯೂ ಇಲ್ಲದೆ ಬಂತು. ಅಷ್ಟರಲ್ಲಿ ಕಂಡಕ್ಟರು "ಹೋಲ್ಡಾನ್" ಎಂದರು.

"ಒಬ್ಬಾಂವ ಬುಟ್ಟಿಯೊಳಗ ಎರಡು ಕೋಳಿ ಹಿಡ್ಕೊಂಡು ಹತ್ಯಾನ. ಕೋಳಿಗೆ ಟಿಕೀಟ ಕೊಡಬೇಕು. ಅದೇನು ಪ್ರಯಾಣಿಕ ಆಗೇತೋ, ಪ್ರಯಾಣಿಕನ ಹತ್ರ ಐತೋ?"

ಕೋಳಿಗೆ ಟಿಕೆಟ್ ಹರಿದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ಓದುಗರಿಗೆ ನೆನಪಿರಬಹುದು. ತಾಯಿ ತನ್ನ ಕೈಯಲ್ಲಿದ್ದ ಎರಡು ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎರಡರಲ್ಲೂ ಕೋಳಿಗೆ ಜಾಗವಿರಲಿಲ್ಲ. ಮಗಳು ಇನ್ನೊಂದು ಲಗ್ನಪತ್ರಿಕೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಳು.